ನಾನು ಫಾರ್ವರ್ಡ್ ಮಾಡಿದ ಒಂದು ಮೆಸೇಜು

ಅಮ್ಮನ ಫೋನು ಬರುವುದು ರಾತ್ರಿ ಎಂಟೂವರೆಗೆ. ಅದಕ್ಕೊಂದು ಕ್ರಮ ಇದೆ. ಮೊದಲು 'ಊಟ ಆಯ್ತಾ', ಆಮೇಲೆ 'ಎಂತ ಸಾಂಬಾರು', ಆಮೇಲೆ ಊರಿನ ಸುದ್ದಿ, ಕೊನೆಗೆ 'ತಡಿ, ಅಪ್ಪಂಗೆ ಕೊಡ್ತೀನಿ'. 2019ರ ಜನವರಿಯ ಒಂದು ಮಂಗಳವಾರ ಮಾತ್ರ ಬೆಳಿಗ್ಗೆ ಹತ್ತೂವರೆಗೆ ಫೋನು ಬಂತು. ಮೀಟಿಂಗಿನಿಂದ ಎದ್ದು ಹೊರಗೆ ಬಂದೆ.

'ಅಪ್ಪಂಗೆ ನಿನ್ನೆ ರಾತ್ರಿಯಿಂದ ಜ್ವರ. ಗಾಬರಿ ಆಗಬೇಡ. ನೀನು ಕಳಿಸಿದ್ದನ್ನ ಓದಿದ್ದೆ. ಹಾಗೇ ಮಾಡಿದ್ದೀನಿ.'

'ಹಾಗೇ ಮಾಡಿದ್ದೀನಿ' ಅನ್ನುವ ಆ ಎರಡು ಪದ ಈಗಲೂ ಒಮ್ಮೊಮ್ಮೆ ರಾತ್ರಿ ಹೊತ್ತು ಕಿವಿಯಲ್ಲಿ ಕೇಳುತ್ತವೆ. ಇದನ್ನು ಬರೆಯಬೇಕು ಅಂತ ಎಷ್ಟೋ ಸಲ ಕೂತಿದ್ದೇನೆ. ಎರಡು ಪ್ಯಾರಾ ಬರೆದು ಎದ್ದು ಹೋಗಿದ್ದೇನೆ. ಇವತ್ತು ಮುಗಿಸಿಯೇ ಏಳುವುದು ಅಂತ ತೀರ್ಮಾನ.

ನಮ್ಮೂರು ಸಾಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿನ ದಿಕ್ಕಿಗೆ. ಊರು ಅಂದರೆ ಎರಡು ಗುಡ್ಡದ ಸಂದಿಯಲ್ಲಿ ಎಂಟು ಮನೆ, ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ, ಅದರಾಚೆ ಕಾಡು. 2018ರ ಡಿಸೆಂಬರ್ ಹೊತ್ತಿಗೆ ನಮ್ಮ ತಾಲೂಕಿನದೇ ಅರಳಗೋಡಿನಿಂದ ಕೆಟ್ಟ ಸುದ್ದಿ ಬರತೊಡಗಿತ್ತು. ಮಂಗಗಳು ಸಾಯುತ್ತಿವೆ, ಜನರಿಗೆ ಜ್ವರ ಬರುತ್ತಿದೆ, ಒಬ್ಬೊಬ್ಬರೇ ತೀರಿಕೊಳ್ಳುತ್ತಿದ್ದಾರೆ ಅಂತ. ಮಂಗನ ಕಾಯಿಲೆ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಈ ಹೆಸರು ಹೊಸದಲ್ಲ. ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ಬೆಟ್ಟಕ್ಕೆ ಹೊರಟರೆ 'ಮಂಗ ಸತ್ತಿದ್ದು ಕಂಡ್ರೆ ಆ ಕಡೆ ಹೋಗಬೇಡಿ' ಅಂತ ಅಜ್ಜಿ ಕೂಗಿ ಹೇಳುತ್ತಿದ್ದಳು. ಆದರೆ ಅದು ಯಾವತ್ತೂ 'ಬೇರೆ ಊರಿನಲ್ಲಿ' ಆಗುವ ಕಾಯಿಲೆ. ಎಲ್ಲರ ಮಟ್ಟಿಗೂ ಹಾಗೇ ತಾನೇ?

ಬೆಂಗಳೂರಿನಲ್ಲಿ ಕೂತ ನನಗೆ ಆ ತಿಂಗಳು ಬೇರೆ ಕೆಲಸವೇ ಇರಲಿಲ್ಲ ಅನ್ನಬೇಕು. ಪೇಪರು, ಟೀವಿ ಚಾನೆಲ್ಲುಗಳ ವಿಡಿಯೋ, ವಾಟ್ಸಾಪು. ಸಿಕ್ಕಿದ್ದನ್ನೆಲ್ಲ ಓದುವುದು, ಓದಿದ್ದನ್ನೆಲ್ಲ ಮನೆಯ ಗ್ರೂಪಿಗೆ ಕಳಿಸುವುದು. ಊರಿಗೆ ಹೋಗಿ ಏನೂ ಮಾಡಲಾಗದವನು ಮಾಡುವ ಸೇವೆ ಅದು. ಅದರ ಹಿಂದಿನ ಶುಕ್ರವಾರ ಒಂದು ಉದ್ದನೆಯ ಕನ್ನಡ ಮೆಸೇಜು ಬಂದಿತ್ತು. ಮೇಲೆ ಮೂರು ಕೆಂಪು ಬಲ್ಬು, 'ಮಂಗನ ಕಾಯಿಲೆ: ತುರ್ತು ಎಚ್ಚರಿಕೆ'. ರೋಗಿಯ ಉಸಿರು, ಎಂಜಲು, ಬೆವರಿನಿಂದ ಹರಡುತ್ತದೆ. ಜ್ವರ ಬಂದವರನ್ನು ಬೇರೆ ಕೋಣೆಯಲ್ಲಿಡಿ, ಮುಟ್ಟಬೇಡಿ, ಅವರ ತಟ್ಟೆ ಲೋಟ ಬೇರೆ ಮಾಡಿ. ಪ್ರಾಣಿ ಕಚ್ಚಿದ ಹಣ್ಣು ತಿನ್ನಬೇಡಿ. ಕೊನೆಗೆ, ವೈದ್ಯರ ಸಲಹೆ ಅಂತ. ಯಾವ ವೈದ್ಯರು? ಹೆಸರಿರಲಿಲ್ಲ. ನಾನು ಕೇಳಲೂ ಇಲ್ಲ. ಭಾಷೆ ಚೊಕ್ಕವಾಗಿತ್ತು, ಕಾಗುಣಿತದ ತಪ್ಪಿರಲಿಲ್ಲ. ಅಷ್ಟು ಸಾಕಾಯಿತು ನನಗೆ! ಮನೆ ಗ್ರೂಪಿಗೂ ಹಾಕಿದೆ, ಊರಿನ ಗ್ರೂಪಿಗೂ ಹಾಕಿದೆ. ಕೆಳಗೆ 'ದಯವಿಟ್ಟು ಎಲ್ಲರೂ ಪಾಲಿಸಿ' ಅಂತ ನನ್ನದೊಂದು ಒಗ್ಗರಣೆ ಬೇರೆ.

ಅಮ್ಮ ಪಾಲಿಸಿದಳು. ಅಪ್ಪನ ಹಾಸಿಗೆಯನ್ನು ಜಗಲಿಯ ಪಕ್ಕದ ಕೋಣೆಗೆ ಹಾಕಿದಳು. ಗಂಜಿ ತಟ್ಟೆಯನ್ನು ಬಾಗಿಲ ಸಂದಿಯಲ್ಲಿ ಕೋಲಿನಿಂದ ನೂಕಿದಳಂತೆ. ಮೂವತ್ತೈದು ವರ್ಷ ಒಟ್ಟಿಗೆ ಊಟ ಮಾಡಿದ ಗಂಡನಿಗೆ ಕೋಲಿನಲ್ಲಿ ತಟ್ಟೆ. ಅಪ್ಪ ಒಳಗಿನಿಂದ 'ನಾನೇನು ನಾಯಿಯಾ' ಅಂದರಂತೆ. ಅವಳು ಆಚೆ ಕೂತು ಅತ್ತಳಂತೆ. ಇದೆಲ್ಲ ಆಮೇಲೆ ಗೊತ್ತಾಗಿದ್ದು. ಫೋನಿನಲ್ಲಿ ಇಬ್ಬರೂ 'ಆರಾಮಿದೀವಿ' ಅಂತಲೇ ಹೇಳುತ್ತಿದ್ದರು.

ಊರೂ ಪಾಲಿಸಿತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯಲ್ಲಿ ಮಂಗನ ಕಾಯಿಲೆ ಅಂತ ಸುದ್ದಿಯಾಗಿತ್ತು. ಕೊನೆಕೊಯ್ಲು ಮುಗಿದು ಅಡಿಕೆ ಒಣಗಿಸುವ ಸಮಯ. ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಬರಲಿಲ್ಲ. ಅವಳ ತಪ್ಪಲ್ಲ, ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ಪಕ್ಕದ ಮನೆಯವರು ದಣಪೆಯ ಆಚೆ ನಿಂತು ಮಾತಾಡಿಸಿ ಹೋದರು. ಅವರೆಲ್ಲ ನನ್ನ ಮೆಸೇಜು ಓದಿದ್ದರು.

ನಾನು ಮಂಗಳವಾರವೇ ಹೊರಡಬೇಕಿತ್ತು. ಹೊರಡಲಿಲ್ಲ. ಆಫೀಸಿನಲ್ಲಿ ಒಂದು ರಿಲೀಸು. ಬುಧವಾರ ರಾತ್ರಿಯ ಬಸ್ಸು ಹತ್ತಿದೆ. ಅದಕ್ಕೆ ಈಗ ಏನು ಸಬೂಬು ಕೊಟ್ಟರೂ ನನಗೇ ಹಿಡಿಸುವುದಿಲ್ಲ, ಬಿಡಿ.

ಗುರುವಾರ ಬೆಳಿಗ್ಗೆ ಮನೆ ತಲುಪಿದಾಗ ನಾನೂ ಕೋಣೆಯ ಹೊಸ್ತಿಲಲ್ಲೇ ನಿಂತೆ. ಮೂಗಿಗೆ ಟವೆಲ್ಲು. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದರು. ಹತ್ತು ನಿಮಿಷಕ್ಕೆ ನಮ್ಮ ಭಾಗದ ಆಶಾ ಅಕ್ಕ ಬಂದರು, ಸ್ಕೂಟಿಯಲ್ಲಿ, ಹೆಗಲಿಗೊಂದು ಚೀಲ. ಅಮ್ಮ 'ಒಳಗೆ ಹೋಗಬೇಡಿ' ಅನ್ನುವಷ್ಟರಲ್ಲಿ ಅವರು ಸೀದಾ ಒಳಗೆ ಹೋಗಿ ಅಪ್ಪನ ಹಾಸಿಗೆ ಅಂಚಿಗೆ ಕೂತು ಕೈ ಹಿಡಿದುಕೊಂಡರು. ನಾಡಿ ನೋಡಲಿಕ್ಕೇನೂ ಅಲ್ಲ. ಸುಮ್ಮನೆ ಹಿಡಿದುಕೊಂಡರು. ಅಪ್ಪನ ಮುಖ ನೋಡಬೇಕಿತ್ತು.

'ಯಾರು ಹೇಳಿದ್ದು ನಿಮಗೆ ಮುಟ್ಟಿದ್ರೆ ಬರ್ತದೆ ಅಂತ?' ಅಂದರು.

ಅಮ್ಮ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ನೋಡಿದ ಹಾಗಿತ್ತು.

ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಜ್ವರ ಶುರುವಾಗಿ ಎಷ್ಟು ದಿನ? ಗಂಟೆ ಸಮೇತ ಹೇಳಿ. ಅದಕ್ಕೂ ಮುಂಚೆ ಹತ್ತು ದಿನದಲ್ಲಿ ಕಾಡಿಗೆ, ಬೆಟ್ಟಕ್ಕೆ ಹೋಗಿದ್ರಾ? ಯಾವ ಕಡೆ? ಅಲ್ಲಿ ಮಂಗ ಸತ್ತಿತ್ತಾ? ಮೈಮೇಲೆ ಉಣುಗು ಕಚ್ಚಿದ್ದು ಗೊತ್ತಾ? ತಲೆ ಮುಂದೆ ನೋವಾ, ಹಿಂದೆ ನೋವಾ? ವಸಡಿನಲ್ಲಿ, ಮೂಗಿನಲ್ಲಿ ರಕ್ತ? ಏನು ಮಾತ್ರೆ ತಗೊಂಡ್ರಿ? ಅಪ್ಪ ದಿಂಬಿನ ಅಡಿಯಿಂದ ಅಂಗಡಿಯಲ್ಲಿ ತಂದ ಮೈಕೈ ನೋವಿನ ಮಾತ್ರೆಯ ಪಟ್ಟಿ ತೆಗೆದರು. ಅವರು ಅದನ್ನು ಕಿತ್ತುಕೊಂಡು ಚೀಲಕ್ಕೆ ಹಾಕಿಕೊಂಡರು. ಈ ಜ್ವರದಲ್ಲಿ ರಕ್ತಸ್ರಾವದ ಭಯ ಇರುವುದರಿಂದ ಆ ಜಾತಿಯ ನೋವಿನ ಮಾತ್ರೆ ಕೂಡದು, ಪ್ಯಾರಸಿಟಮಾಲ್ ಮಾತ್ರ ಅಂತ. ನನ್ನ ಉದ್ದನೆಯ ಮೆಸೇಜಿನಲ್ಲಿ ಈ ಒಂದು ಸಾಲು ಇರಲಿಲ್ಲ.

ಅಪ್ಪನಿಗೆ ಮಂಡಿನೋವು. ಹದಿನೈದು ದಿನದಿಂದ ಅಂಗಳ ಬಿಟ್ಟು ಹೋಗಿರಲಿಲ್ಲ. 'ಹಾಗಾದ್ರೆ ಇದು ಅದಲ್ಲದೆಯೂ ಇರಬಹುದು. ಆದ್ರೂ ರಕ್ತ ಕೊಡಿಸಿ' ಅಂದರು. ಹೋಗುವಾಗ ಕೊಟ್ಟಿಗೆ ಕಡೆ ಕಣ್ಣು ಹಾಯಿಸಿದರು. ಅಲ್ಲಿ ಹೊಸ ದರಕು ಗುಡ್ಡೆ ಬಿದ್ದಿತ್ತು.

'ಇದನ್ನ ಯಾರು ತಂದಿದ್ದು?'

'ನಾನೇ. ಕೆಲಸದವರು ಬರಲಿಲ್ಲವಲ್ಲ. ದನಕ್ಕೆ ಹಾಸಬೇಕಿತ್ತು. ಮಂಗಳವಾರ ಒಂದು ಹೊರೆ, ನಿನ್ನೆ ಒಂದು ಹೊರೆ' ಅಂದಳು ಅಮ್ಮ, ಏನೋ ಹೊಗಳಿಕೆ ನಿರೀಕ್ಷಿಸುವವಳ ಹಾಗೆ.

ಆಶಾ ಅಕ್ಕ ಒಂದು ನಿಮಿಷ ಮಾತಾಡಲಿಲ್ಲ. 'ಎಣ್ಣೆ ಹಚ್ಚಿಕೊಂಡು ಹೋಗಿದ್ರಾ?' ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಲಿ ಅಂತ ಆರೋಗ್ಯ ಕೇಂದ್ರದಿಂದ ಡಿಎಂಪಿ ಎಣ್ಣೆಯ ಬಾಟಲಿ ಕೊಟ್ಟಿದ್ದರು. ಅದು ಕಿಟಕಿಯಲ್ಲಿ ಹಾಗೇ ಇತ್ತು, ಸೀಲು ಒಡೆಯದೆ.

ದರಕು ಅಂದರೆ ಗೊತ್ತಿಲ್ಲದವರಿಗೆ: ಬೆಟ್ಟದಲ್ಲಿ ಉದುರಿದ ಒಣ ಎಲೆ. ಚಳಿಗಾಲದ ಕೊನೆಯಿಂದ ಅದನ್ನು ಗುಡಿಸಿ ಜಲ್ಲೆಯಲ್ಲಿ ತುಂಬಿ ತರುತ್ತಾರೆ, ಕೊಟ್ಟಿಗೆಗೆ ಹಾಸುತ್ತಾರೆ, ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುತ್ತಾರೆ. ನಮ್ಮ ಬಾಲ್ಯದ ಅರ್ಧ ಆಟ ದರಕಿನ ಗುಡ್ಡೆಯ ಮೇಲೆಯೇ. ಹಾರುವುದು, ಹೂತುಕೊಳ್ಳುವುದು, ಅಲ್ಲೇ ನಿದ್ದೆ ಹೋಗುವುದು. ಮಂಗನ ಕಾಯಿಲೆಯ ಅಸಲಿ ವಿಳಾಸ ಅದೇ.

ಆ ರಾತ್ರಿ ನಿದ್ದೆ ಬರದೆ, ಈ ಸಲ ಫಾರ್ವರ್ಡುಗಳನ್ನು ಬಿಟ್ಟು, ಪುಣೆಯ ವೈರಾಣು ಸಂಸ್ಥೆಯವರು, ಐಸಿಎಂಆರ್‌ನವರು ಬರೆದದ್ದನ್ನು ಹುಡುಕಿ ಓದಿದೆ. ನಿಧಾನಕ್ಕೆ, ಅರ್ಥವಾಗದ್ದನ್ನು ಎರಡೆರಡು ಸಲ. ಕತೆ ಹೀಗಿದೆ. ವೈರಸ್ಸು ಇರುವುದು ಕಾಡಿನ ಉಣುಗುಗಳಲ್ಲಿ. ಈ ಉಣುಗು ತನ್ನ ಜೀವಮಾನದಲ್ಲಿ ರಕ್ತ ಕುಡಿಯುವುದು ಮೂರೇ ಹಂತದಲ್ಲಿ: ಮರಿಯಾಗಿದ್ದಾಗ ಒಮ್ಮೆ, ನಡುವಯಸ್ಸಿನಲ್ಲಿ ಒಮ್ಮೆ, ದೊಡ್ಡದಾದ ಮೇಲೆ ಒಮ್ಮೆ. ಮನುಷ್ಯರಿಗೆ ಕಚ್ಚಿ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಆ ನಡುವಿನ ಹಂತದ್ದು. ಗಸಗಸೆ ಕಾಳಿನಷ್ಟು. ಕಚ್ಚಿದ್ದೂ ಗೊತ್ತಾಗುವುದಿಲ್ಲ. ನವೆಂಬರಿನಿಂದ ಮೇ ತನಕ ಅದರ ಕಾಲ, ಜೂನಿನ ಮಳೆ ಹೊಡೆದರೆ ಕಾಯಿಲೆ ಇಳಿಯುತ್ತದೆ. ನಾವು ಕಾಡಿಗೆ ಹೆಚ್ಚು ಹೋಗುವುದೂ ಅದೇ ತಿಂಗಳುಗಳಲ್ಲಿ, ಸೌದೆಗೆ, ದರಕಿಗೆ, ಸೀಗೆಕಾಯಿಗೆ. ದನಗಳಿಗೆ ಈ ವೈರಸ್ಸಿನಿಂದ ಏನೂ ಆಗುವುದಿಲ್ಲ. ಆದರೆ ದೊಡ್ಡ ಉಣುಗುಗಳಿಗೆ ಊಟ ಹಾಕಿ ಸಂತತಿ ಬೆಳೆಸುವವು ಅವೇ.

ಮಂಗ? ಮಂಗ ಪಾಪ, ನಮ್ಮ ಹಾಗೇ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಕೋಡಗವೂ ಸಾಯುತ್ತದೆ, ಮುಸಿಯವೂ ಸಾಯುತ್ತದೆ. ಸತ್ತು ಮೈ ತಣ್ಣಗಾದ ಕೂಡಲೇ ಮೈಮೇಲಿನ ಉಣುಗುಗಳೆಲ್ಲ ಇಳಿದು ಕೆಳಗಿನ ಒಣ ಎಲೆ ಸೇರುತ್ತವೆ. ಸೋಂಕು ಹೊತ್ತ ಸಾವಿರಾರು ಉಣುಗು ಒಂದೇ ಕಡೆ. ಆರೋಗ್ಯ ಇಲಾಖೆಯವರು ಮಂಗ ಸತ್ತ ಜಾಗದ ಸುತ್ತ ಮೆಲಾಥಿಯಾನ್ ಪುಡಿ ಹೊಡೆಯುವುದು ಅದಕ್ಕೇ. ಕಚ್ಚಿಸಿಕೊಂಡ ಮನುಷ್ಯನಿಗೆ ಮೂರರಿಂದ ಎಂಟು ದಿನದಲ್ಲಿ ಜ್ವರ. ಅಲ್ಲಿಗೆ ವೈರಸ್ಸಿನ ಪ್ರಯಾಣ ಮುಗಿಯಿತು. ಮನುಷ್ಯನಿಂದ ಮನುಷ್ಯನಿಗೆ ಅದು ಹೋಗುವುದಿಲ್ಲ.

ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ ಅಂತ ನನಗೆ ಅನಿಸುತ್ತದೆ. 'ಮಂಗನ ಕಾಯಿಲೆ' ಅಂದ ಕೂಡಲೇ ಎಲ್ಲರೂ ತಲೆ ಎತ್ತಿ ಮರದ ಮೇಲೆ ನೋಡುತ್ತಾರೆ. ನೋಡಬೇಕಾದ್ದು ಪಾದದ ಕೆಳಗೆ. ಹಾಗಂತ ಆ ಹೆಸರಿಟ್ಟವರು ದಡ್ಡರೇನಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಮಂಗ ಸತ್ತ ಬೆನ್ನಿಗೇ ಜನರಿಗೆ ಜ್ವರ ಬರುತ್ತದೆ ಅಂತ ಮೊದಲು ಗುರುತಿಸಿದ್ದು ಅಲ್ಲಿನ ಜನ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್ ಮತ್ತು ಜೊತೆಯವರು ಬಂದಾಗ ಅವರ ತಲೆಯಲ್ಲಿದ್ದದ್ದು ಹಳದಿ ಜ್ವರ! ಭಾರತಕ್ಕೆ ಹಳದಿ ಜ್ವರ ಬಂದುಬಿಟ್ಟಿತೇ ಅನ್ನುವ ಆತಂಕ. ಆಮೇಲೆ ಸಿಕ್ಕ ವೈರಸ್ಸು ರಷ್ಯಾದ ಕಡೆಯ ಒಂದು ಉಣುಗು ರೋಗದ ವೈರಸ್ಸಿಗೆ ಹತ್ತಿರದ ಸಂಬಂಧಿ ಅಂತ ಗೊತ್ತಾದಾಗ ಅನುಮಾನ ವಲಸೆ ಹಕ್ಕಿಗಳ ಮೇಲೆ ಹೋಯಿತು. ಸಲೀಂ ಅಲಿಯವರ ತಂಡ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗು ಹೆಕ್ಕಿ ನೋಡಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಅಂದರೆ ದೊಡ್ಡ ವಿಜ್ಞಾನಿಗಳಿಗೂ ಮೊದಲ ಊಹೆ ತಪ್ಪಿದೆ. ಆದರೆ ಅವರು ಊಹೆಯನ್ನು ಊಹೆ ಅಂತ ಇಟ್ಟುಕೊಂಡು ಉಣುಗು ಹೆಕ್ಕುತ್ತಾ ಕೂತರು. ನಾನು ಕೆಂಪು ಬಲ್ಬು ಹಾಕಿ ಎಲ್ಲರಿಗೂ ಕಳಿಸಿದೆ.

ಅಪ್ಪನ ರಕ್ತದ ವರದಿ ನೆಗೆಟಿವ್ ಬಂತು. ಭಾನುವಾರ ಜ್ವರ ತಾನಾಗೇ ಬಿಟ್ಟಿತು. ಏನೋ ಒಂದು ಜ್ವರ. ಊರಿನವರೆಲ್ಲ ನಿಟ್ಟುಸಿರು ಬಿಟ್ಟರು. ಕೆಲಸದ ಹೆಂಗಸೂ ಬಂದಳು. ನಾನು ಭಾನುವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದ್ದೆ. ಯಾಕೋ ಹೊರಡಲು ಮನಸ್ಸಾಗದೆ ಎರಡು ದಿನ ಮುಂದೆ ಹಾಕಿದೆ.

ಸೋಮವಾರ ಸಂಜೆ ಅಮ್ಮ ದೀಪ ಹಚ್ಚುತ್ತಾ ಇದ್ದವಳು ಹಾಗೇ ಕೂತಳು. ನಡುಕ. ಹಣೆ ಒಡೆದುಹೋಗುವಂಥ ನೋವು. ಸೊಂಟ, ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ. ಕಣ್ಣು ಕೆಂಡದ ಹಾಗೆ. ಬುಧವಾರದ ಹೊರೆಯಿಂದ ಲೆಕ್ಕ ಹಾಕಿದರೆ ಐದು ದಿನ. ಆ ಲೆಕ್ಕ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಈ ಸಲ ಅಪ್ಪ ಯಾರ ಮಾತೂ ಕೇಳಲಿಲ್ಲ. ಮಂಡಿನೋವು ಹಿಡಿದುಕೊಂಡೇ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ಚಮಚದಲ್ಲಿ ಗಂಜಿ ಕುಡಿಸಿದರು. ಆಶಾ ಅಕ್ಕನಿಗೆ ಫೋನು ಮಾಡಿದ್ದೇ ಮರುದಿನ ಬೆಳಿಗ್ಗೆ ರಕ್ತ ತೆಗೆಸಿದರು. ಜ್ವರದ ಮೊದಲ ದಿನಗಳಲ್ಲಿ ಮಾಡುವ ಪರೀಕ್ಷೆ ಬೇರೆ, ಐದಾರು ದಿನ ಕಳೆದ ಮೇಲೆ ಮಾಡುವುದು ಬೇರೆ. ಅವರು ದಿನ, ಗಂಟೆ ಅಂತ ಯಾಕೆ ಅಷ್ಟು ಕೇಳುತ್ತಾರೆ ಅಂತ ಆಗ ಅರ್ಥವಾಯಿತು. ಶಿವಮೊಗ್ಗದ ಲ್ಯಾಬಿನಿಂದ ಪಾಸಿಟಿವ್ ಬಂತು. ಆಸ್ಪತ್ರೆಗೆ ಸೇರಿಸಿದೆವು. ಇದಕ್ಕೆ ಅಂತಲೇ ಇರುವ ಔಷಧಿ ಯಾವುದೂ ಇಲ್ಲ. ಡ್ರಿಪ್ಪು, ಜ್ವರ ಇಳಿಸುವುದು, ಪ್ಲೇಟ್‌ಲೆಟ್ ಎಣಿಸುವುದು, ರಕ್ತಸ್ರಾವ ಆಗದ ಹಾಗೆ ಕಾಯುವುದು. ನೂರು ರೋಗಿಗಳಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ ಅಂತ ಓದಿದ್ದೆ. ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವನಿಗೆ ಮೂರು ಪರ್ಸೆಂಟು ಅಂದರೆ ಸಣ್ಣ ಸಂಖ್ಯೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅದು ಸಣ್ಣದಲ್ಲ.

ಐದನೆಯ ದಿನ ವಸಡಿನಲ್ಲಿ ರಕ್ತ ಕಂಡಿತು. ಒಂದು ರಾತ್ರಿ ನನ್ನನ್ನು ಅವಳ ಅಣ್ಣನ ಹೆಸರು ಹಿಡಿದು ಕರೆದಳು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಒಂಬತ್ತನೆಯ ದಿನ ಮನೆಗೆ ಕಳಿಸಿದರು. ಆದರೂ ಎರಡು ವಾರ ಹುಷಾರು ಅಂದರು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ತಿರುಗಿ ಬರುತ್ತದೆ, ಆಗ ತಲೆಗೆ, ನರಗಳಿಗೆ ತೊಂದರೆ. ಅಮ್ಮನಿಗೆ ಬರಲಿಲ್ಲ. ಆದರೆ ಶಕ್ತಿ ಬರಲು ಮಳೆಗಾಲ ಶುರುವಾಗಬೇಕಾಯಿತು. ನಾಲ್ಕು ಹೆಜ್ಜೆ ನಡೆದು ಕೂರುತ್ತಿದ್ದಳು.

ಆ ದಿನಗಳಲ್ಲೇ ಒಂದು ಸಂಜೆ ಆಸ್ಪತ್ರೆಯ ಹೊರಗೆ ಚಹಾ ಕುಡಿಯುತ್ತಾ ನನ್ನ ಫೋನಿನಲ್ಲಿ ಹಳೆಯ ಮೆಸೇಜುಗಳನ್ನು ಹುಡುಕಿದೆ. 'ಪ್ರಾಣಿ ಕಚ್ಚಿದ ಹಣ್ಣು' ಅನ್ನುವ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಉಣುಗಿಗೂ ಹಣ್ಣಿಗೂ ಏನು ಸಂಬಂಧ? ಸಿಕ್ಕಿತು. ಎಂಟು ತಿಂಗಳ ಹಿಂದೆ, 2018ರ ಮೇ ತಿಂಗಳಲ್ಲಿ ಅದೇ ಮೆಸೇಜು ನನಗೆ ಬಂದಿತ್ತು. ಅದೇ ಕೆಂಪು ಬಲ್ಬು, ಅದೇ ವಾಕ್ಯಗಳು. 'ಮಂಗನ ಕಾಯಿಲೆ' ಅನ್ನುವ ಕಡೆ 'ನಿಪಾ' ಅಂತಿತ್ತು. 'ಪ್ರಾಣಿ' ಅನ್ನುವ ಕಡೆ 'ಬಾವಲಿ' ಅಂತಿತ್ತು. ಯಾರೋ ಹೆಸರು ಬದಲಾಯಿಸಿ ಬಿಟ್ಟಿದ್ದರು. ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ. ನನ್ನ ಹಾಗೇ ಯಾರೋ ಮನೆಯವರ ಮೇಲೆ ಪ್ರೀತಿ ಇರುವವನು.

ನಿಪಾದ ಮಟ್ಟಿಗೆ ಆ ಮೆಸೇಜಿನ ಮುಖ್ಯ ಮಾತು ಸುಳ್ಳಲ್ಲ ಅನ್ನುವುದೇ ನನಗೆ ಹೆಚ್ಚು ಕಾಡಿದ್ದು. ಕೋಳಿಕ್ಕೋಡು, ಮಲಪ್ಪುರಂ ಜಿಲ್ಲೆಗಳಲ್ಲಿ ಆ ವರ್ಷ ನಿಪಾದಿಂದ 17 ಜನ ತೀರಿಕೊಂಡರು. ಅದು ರೋಗಿಯಿಂದ ಹತ್ತಿರ ಇದ್ದವರಿಗೆ, ಆರೈಕೆ ಮಾಡಿದವರಿಗೆ ಹರಡಿತ್ತು. ಪೇರಾಂಬ್ರದ ಆಸ್ಪತ್ರೆಯಲ್ಲಿ ರೋಗಿಯ ಶುಶ್ರೂಷೆ ಮಾಡಿದ ನರ್ಸ್ ಲಿನಿ ಹಾಗೇ ಪ್ರಾಣ ಬಿಟ್ಟವರು. ಅಲ್ಲಿ 'ದೂರ ಇಡಿ' ಅನ್ನುವ ಮಾತು ಜೀವ ಉಳಿಸುವ ಮಾತು. ಅದೇ ಮಾತು ಇನ್ನೂರು ಮೈಲಿ ಪ್ರಯಾಣ ಮಾಡಿ ನಮ್ಮೂರಿಗೆ ಬಂದು ಕೆಲಸದವರನ್ನು ಮನೆಯಿಂದ ದೂರ ಇಟ್ಟಿತು, ಅಮ್ಮನನ್ನು ಬೆಟ್ಟಕ್ಕೆ ಕಳಿಸಿತು. ಅಪ್ಪಟ ಸುಳ್ಳಾಗಿದ್ದರೆ ಬಹುಶಃ ನಾನೂ ಹಿಡಿಯುತ್ತಿದ್ದೆ.

ಆಮೇಲೆ ನಾನು ಊರಿನ ಗ್ರೂಪಿನಲ್ಲಿ ಬರೆದೆ: ಶುಕ್ರವಾರ ನಾನು ಕಳಿಸಿದ್ದು ತಪ್ಪು, ಅದು ನಿಪಾದ ಮೆಸೇಜು, ಮಂಗನ ಕಾಯಿಲೆ ಮುಟ್ಟಿದರೆ ಬರುವುದಿಲ್ಲ, ಬೆಟ್ಟಕ್ಕೆ ಹೋಗುವ ಮುಂಚೆ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮೈ ತೊಳೆಯಿರಿ, ಬಟ್ಟೆ ಬಿಸಿನೀರಿಗೆ ಹಾಕಿ, ಮಂಗ ಸತ್ತ ಕಡೆಯ ದರಕು ತರಬೇಡಿ, ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮೊದಲಿನ ಮೆಸೇಜಿಗೆ ನಮಸ್ಕಾರದ ಕೈಗಳು ಹದಿನಾಲ್ಕು ಬಂದಿದ್ದವು. ಇದಕ್ಕೆ ಎರಡು. ಅದರಲ್ಲಿ ಒಂದು ಅಪ್ಪಂದು :)

ಲಸಿಕೆಯ ವಿಷಯ ಬರೆಯದಿದ್ದರೆ ಇದು ಅರ್ಧ ಸತ್ಯವಾಗುತ್ತದೆ. ಅಮ್ಮ ವರ್ಷಗಳ ಹಿಂದೆ ತಿಂಗಳ ಅಂತರದಲ್ಲಿ ಎರಡು ಡೋಸು ಹಾಕಿಸಿಕೊಂಡಿದ್ದಳು. ತೋಳು ಬಾತು ಎರಡು ದಿನ ನೋವು ತಿಂದವಳು ಬೂಸ್ಟರಿಗೆ ಹೋಗಲಿಲ್ಲ. ಊರಿನ ಅರ್ಧ ಜನರ ಕತೆ ಇದೇ. 2005ರಿಂದ 2010ರವರೆಗಿನ ಲೆಕ್ಕ ನೋಡಿದ ಒಂದು ಅಧ್ಯಯನದ ಪ್ರಕಾರ ಎರಡು ಡೋಸಿನ ಪರಿಣಾಮ ಶೇಕಡಾ 62.4, ಬೂಸ್ಟರೂ ಸೇರಿದರೆ 82.9. ನಾನು ಅದನ್ನೇ ಹಿಡಿದು ಅಪ್ಪನಿಗೆ ಬೂಸ್ಟರ್ ಮಾಡಿಸು ಅಂತ ಪೀಡಿಸುತ್ತಿದ್ದೆ. 2022ರಲ್ಲಿ ಆ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ಕೊಡುವುದನ್ನೇ ನಿಲ್ಲಿಸಿದರು. ಅಪ್ಪ ಫೋನು ಮಾಡಿ ಕೇಳಿದರು, 'ಹಾಗಾದ್ರೆ ಇಷ್ಟು ವರ್ಷ ಚುಚ್ಚಿಸಿಕೊಂಡಿದ್ದು ಎಂತದು ಮಾರಾಯ? ನೀನು ಹೇಳಿದ್ದು ಮತ್ತೆ ತಪ್ಪಾಯ್ತಲ್ಲ?' ಅದರಲ್ಲಿ ಆ 'ಮತ್ತೆ' ಚುಚ್ಚಿತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಕೊಡಬೇಕಾಗಿ ಬಂದದ್ದು ಪಾಪ ಆಶಾ ಅಕ್ಕನಿಗೆ. ಮನೆಮನೆಗೆ ಹೋಗಿ ಕೈಕಾಲು ಹಿಡಿದು ಲಸಿಕೆಗೆ ಕರೆದುಕೊಂಡು ಹೋದವರು ಅವರು. ನಮ್ಮ ಜಗಲಿಯಲ್ಲೇ ಒಬ್ಬರು ಅವರನ್ನು ತರಾಟೆಗೆ ತೆಗೆದುಕೊಂಡರು. ಅವರು ಶಾಂತವಾಗಿ, 'ಅವತ್ತು ಗೊತ್ತಿದ್ದನ್ನ ಅವತ್ತು ಹೇಳಿದ್ವಿ. ಈಗ ಗೊತ್ತಾಗಿದ್ದನ್ನ ಈಗ ಹೇಳ್ತಿದ್ದೀವಿ. ಮುಚ್ಚಿಡಬೇಕಿತ್ತಾ?' ಅಂದು ಚಹಾ ಲೋಟ ಕೆಳಗಿಟ್ಟು ಹೊರಟರು. ಐಸಿಎಂಆರ್ ಹೊಸ ಲಸಿಕೆಗೆ ಕೈ ಹಾಕಿದೆ. ಡಿಆರ್‌ಡಿಓದವರು ತಯಾರಿಸಿದ ಡೀಪಾ ಎಣ್ಣೆಯೂ ಬಂದಿದೆ, ಕಿಟಕಿಯಲ್ಲಿ ಈಗ ಅದರ ಬಾಟಲಿ, ಸೀಲು ಒಡೆದದ್ದು. ಕಾಯಿಲೆಯೇನೂ ಹೋಗಿಲ್ಲ. 2024ರ ಶುರುವಿನಲ್ಲಿ ಮತ್ತೆ ಸಾವುಗಳಾದವು. ಹಿಂದೆ ನಮ್ಮ ಜಿಲ್ಲೆಯದು ಅಂತಿದ್ದದ್ದು ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಾಗಿದೆ.

ನಡುವೆ ಕೊರೋನಾ ಬಂತಲ್ಲ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದಾಗ ಅಮ್ಮನ ಫೋನು, ಎಂಟೂವರೆಗಲ್ಲ, ಒಂಬತ್ತೂವರೆಗೆ.

'ಈ ಸಲ ಹತ್ತಿರ ಇರಬೇಕಾ, ದೂರ ಇರಬೇಕಾ? ಸರಿಯಾಗಿ ಕೇಳಿ ಹೇಳು.'

ನಾನು ಓದಿ ಹೇಳ್ತೀನಿ ಅಂದೆ. 'ನೀನು ಓದೂದು ಬೇಡ, ಆಶಾ ಅಕ್ಕನ್ನ ಕೇಳು' ಅಂದಳು. ಕೇಳಿದೆ. ಈ ಸಲ ದೂರ ಅಂದರು. ಅಮ್ಮ ಒಂದು ಕ್ಷಣ ಸುಮ್ಮನಿದ್ದು, 'ಕೋಲು ಎಲ್ಲಿಟ್ಟಿದ್ದೆನೋ' ಅಂದಳು. ಹಿಂದಿನಿಂದ ಅಪ್ಪ ನಗುವುದು ಕೇಳಿಸಿತು. ನಾನೂ ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ.

ಹೋದ ಫೆಬ್ರವರಿಯಲ್ಲಿ ಊರಿಗೆ ಹೋಗಿದ್ದೆ. ಅಮ್ಮ ಮತ್ತೆ ಬೆಟ್ಟಕ್ಕೆ ಹೋಗುತ್ತಾಳೆ. ಬೇಡ ಅಂದರೆ ಕೇಳುವವಳಲ್ಲ. ಆದರೆ ಅಪ್ಪನ ಹಳೆಯ ಪ್ಯಾಂಟು, ಅದರ ಕಾಲು ಸಾಕ್ಸಿನ ಒಳಗೆ, ಕೈಗೆ ಕಾಲಿಗೆ ಎಣ್ಣೆ. ನೋಡಲು ತಮಾಷೆ. ಮಧ್ಯಾಹ್ನ ವಾಪಸು ಬಂದವಳು ಸೀದಾ ಬಚ್ಚಲಿಗೆ. ಹಂಡೆಯಲ್ಲಿ ನೀರು ಮೊದಲೇ ಕಾದಿರುತ್ತದೆ, ಅದು ಅಪ್ಪನ ಡ್ಯೂಟಿ. ಸ್ನಾನವಾದ ಮೇಲೆ ಜಗಲಿಯಲ್ಲಿ ಕೂರಿಸಿ ಅಪ್ಪ ಕನ್ನಡಕ ಏರಿಸಿ, ಟಾರ್ಚ್ ಹಿಡಿದು ಮಂಡಿಯ ಹಿಂದೆ, ಕಿವಿಯ ಹಿಂದೆ, ಕುತ್ತಿಗೆಯ ಸಂದಿ ಎಲ್ಲ ನೋಡುತ್ತಾರೆ. ಮದುವೆಯಾದ ಹೊಸತರಲ್ಲೂ ಇಷ್ಟು ನೋಡಿರಲಿಲ್ಲ ಅಂತ ಅಮ್ಮನ ತಮಾಷೆ. ಆ ದಿನ ನಾನೂ ಜೊತೆಗೆ ಹೋಗಿದ್ದೆ, ಎರಡು ಜಲ್ಲೆ ದರಕು ಹೊತ್ತು ತಂದೆ. ನನ್ನನ್ನೂ ಕೂರಿಸಿ ನೋಡಿದರು. ಏನೂ ಸಿಗಲಿಲ್ಲ.

ರಾತ್ರಿ ಬಸ್ಸಿನಲ್ಲಿ, ಶಿವಮೊಗ್ಗ ದಾಟಿದ ಮೇಲೆ, ಮೀನಖಂಡದ ಹತ್ತಿರ ತುರಿಸಿತು. ಪಕ್ಕದವರು ಗೊರಕೆ ಹೊಡೆಯುತ್ತಿದ್ದರು. ಪ್ಯಾಂಟು ಮೇಲೆತ್ತಿ ಮೊಬೈಲಿನ ಟಾರ್ಚ್ ಹಾಕಿ ನೋಡಿದೆ.

ಸೊಳ್ಳೆ.

ಆದರೂ ಆ ತಾರೀಖನ್ನು ಫೋನಿನಲ್ಲಿ ಬರೆದಿಟ್ಟುಕೊಂಡೆ, ಗಂಟೆ ಸಮೇತ.